ಭರಮಣ್ಣ ಬಿಟ್ಟ ಪ್ಯಾದಿ

ನಮ್ಮ ಭರಮಣ್ಣನ ವಜೀರ ಬಾಲ ಮುರಿದ ಒಂದು ಗಿಳಿ. ಆನೆಗಳೆರಡೂ ಬದನೆಕಾಯಿ. ಗೋಕಾಕದ ಪೇಟೆಯಲ್ಲಿ ಕಟ್ಟಿಗೆಯ ಬೊಂಬೆ ಮಾಡುವವರ ಹತ್ತಿರ ಒಡಕು ಬೊಂಬೆಗಳನ್ನೆಲ್ಲ ಕೇಳಿ ತಂದು, ಅವುಗಳಲ್ಲೇ ಅವನು ಬುದ್ಧಿಬಳದ ದಂಡು ಕಟ್ಟಿದ್ದ. ನಮ್ಮ ಕಡೆ ಚದುರಂಗಕ್ಕೆ ಬುದ್ಧಿಬಳ ಅಂತಲೇ ಹೆಸರು. ಕುದುರೆಗಳು ಮಾತ್ರ ಖರೇ ಕುದುರೆಗಳೇ, ಕಾಲು ಇರಲಿಲ್ಲ ಅಷ್ಟೆ. ಪ್ಯಾದಿಗಳು, ಅಂದರೆ ಕಾಲಾಳುಗಳು, ಒಂದು ಕಡೆ ಹುಣಸೆಬೀಜ, ಇನ್ನೊಂದು ಕಡೆ ಗಜ್ಜುಗ. "ಇದೇನೋ ಭರಮ್ಯಾ, ಕಾಯಿಪಲ್ಯಾದ ಸಂತಿ ಹಚ್ಚಿಯೇನು?" ಎಂದು ಊರವರು ನಗುತ್ತಿದ್ದರು. ಅವನೂ ಅವರೊಂದಿಗೆ ನಕ್ಕು, ಆಮೇಲೆ ಆ ಬದನೆಕಾಯಿಯಿಂದಲೇ ಅವರ ರಾಜನನ್ನು ಮೂಲೆಗೆ ಅಟ್ಟುತ್ತಿದ್ದ.

ಕುಲಗೋಡದಲ್ಲಿ ನಮ್ಮದು ಜೈನ ಒಕ್ಕಲುತನದ ಮನೆ. ಆಟದಲ್ಲಿ ಹೊಡಿ, ಕಡಿ ಎನ್ನುವ ಮಾತು ಬರುತ್ತದೆಂದು ಅವ್ವನಿಗೆ ಅದು ಸೇರುತ್ತಿರಲಿಲ್ಲ. ಅಣ್ಣ ಅದಕ್ಕೊಂದು ಉಪಾಯ ಕಂಡುಕೊಂಡ. ಎದುರಿನ ಕಾಯಿ ಎತ್ತುವಾಗ ಅದರ ಮುಖ ನೋಡಿ, "ಭಾಳ ದುಡದಿ, ಇನ್ನ ಎದ್ದ ಹೋಗಪಾ" ಎನ್ನುತ್ತಿದ್ದ. ಅವ್ವ ಒಳಗಿನಿಂದ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಅವನೊಂದಿಗೆ ಆಡಲು ಕೂರದ್ದರಿಂದ ತಂಗಿಯಾದ ನನಗೆ ಕಲಿಸಿದ. ಕಲಿಸಿದನೇ ಹೊರತು ಒಂದು ಸಲವೂ ಗೆಲ್ಲಗೊಡಲಿಲ್ಲ, ಪುಣ್ಯಾತ್ಮ. ಕೇಳಿದರೆ, "ಸುಳ್ಳ ಸುಳ್ಳ ಸೋತರ ನಿನಗ ಅವಮಾನ ಮಾಡಿದಂಗ ಆಕ್ಕೈತಿ, ಪದ್ದಿ" ಅನ್ನುವನು.

ನಮ್ಮ ಕಡೆಯ ಹಳೆಯ ಆಟದಲ್ಲಿ ಒಂದು ಕಟ್ಟಳೆಯಿತ್ತು. ಎದುರಾಳಿಯ ಕಾಯಿಗಳನ್ನೆಲ್ಲ ಎತ್ತಿ, ಅವನ ರಾಜನೊಬ್ಬನನ್ನೇ ಹಲಗೆಯ ಮೇಲೆ ಉಳಿಸಿದರೆ ಅದಕ್ಕೆ ಬುರ್ಜಿ ಎನ್ನುತ್ತಿದ್ದರು. ಬುರ್ಜಿ ಅಂದರೆ ಅರ್ಧ ಗೆಲುವು. ಪೂರ್ತಿ ಗೆಲ್ಲಬೇಕಾದರೆ ಅವನ ಹತ್ತಿರ ಒಂದಾದರೂ ಕಾಯಿ ಇರುವಾಗಲೇ ರಾಜನನ್ನು ಕಟ್ಟಿಹಾಕಬೇಕು. ಅಣ್ಣನಿಗೆ ಈ ಕಟ್ಟಳೆ ಬಲು ಪ್ರೀತಿ. "ಕೈಯಾಗ ಏನೂ ಇಲ್ಲದಾವನ್ನ ಗೆದ್ದರ ಅದೆಂಥಾ ಗೆಲುವ?" ಅಂತ ನನ್ನ ಕೊನೆಯ ಹುಣಸೆಬೀಜವನ್ನು ಜೋಪಾನವಾಗಿ ಬಿಟ್ಟು, ನನ್ನನ್ನು ಸೋಲಿಸುತ್ತಿದ್ದ.

ಅಪ್ಪನಿಗೆ ಈ ಆಟ ಕಂಡರೆ ಮೈಯೆಲ್ಲ ಉರಿ. ಅದಕ್ಕೆ ಕಾರಣವೂ ಇತ್ತೆನ್ನಿ. ಒಮ್ಮೆ ಮೂಡಲಗಿಯ ಸಂತೆಗೆ ಬೆಲ್ಲ ಹೇರಿಕೊಂಡು ಹೋದ ಗಾಡಿ ಹೊತ್ತು ಇಳಿಯುವ ಮುಂಚೆ ತಾನಾಗಿ ಮನೆಗೆ ಬಂತು. ಎತ್ತು ಬಂದವು, ಬೆಲ್ಲ ಬಂತು, ಅಣ್ಣ ಬರಲಿಲ್ಲ. ಅವ್ವ ಎದೆ ಬಡಿದುಕೊಂಡಳು. ಅಪ್ಪ ಅದೇ ಗಾಡಿ ತಿರುಗಿಸಿಕೊಂಡು ಹೋಗಿ ನೋಡಿದರೆ, ಇವನು ಎಣ್ಣೆ ಅಂಗಡಿಯ ಗೆಳೆಯನ ಕಟ್ಟೆಯ ಮೇಲೆ ಕುಂತು ಬದನೆಕಾಯಿ ಸರಿಸುತ್ತಿದ್ದನಂತೆ. "ಗಾಡಿ ಎಲ್ಲೈತೋ?" ಅಂದರೆ, ತಲೆ ಎತ್ತದೆ, "ಅಲ್ಲೇ ನಿಂತೈತಲ್ರೀ" ಎಂದು ಅಪ್ಪ ಈಗಷ್ಟೇ ಇಳಿದ ಗಾಡಿಯನ್ನೇ ತೋರಿಸಿದನಂತೆ. ಅಂಗಡಿಯವರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ.

ಅಣ್ಣನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಸಾಂಗ್ಲಿಯಲ್ಲಿ ದೊಡ್ಡ ಆಟಗಾರರೊಬ್ಬರು ಇವನನ್ನು ಶಿಷ್ಯನನ್ನಾಗಿ ಇಟ್ಟುಕೊಳ್ಳಲು ಒಪ್ಪಿದ್ದರು. ಊಟ ವಸತಿ ಅವರದೇ. ಅಪ್ಪ ಹೂಂ ಅಂದರೆ ಸಾಕಿತ್ತು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಹುಕ್ಕೇರಿ ವಾಡೇದಾಗ ಪಂದ್ಯ ಐತಂತಲ್ಲ, ಅದನ್ನ ಪೂರಾ ಗೆದ್ದ ಬಾ. ನಾನ ಸಾಂಗ್ಲಿಗೆ ಗಾಡಿ ಹೂಡತೇನಿ. ಗೆಲ್ಲಲಿಲ್ಲಂದ್ರ ಜನ್ಮದಾಗ ಮತ್ತ ಬುದ್ಧಿಬಳ ಆಡೂದಿಲ್ಲಂತ ಬಸದ್ಯಾಗ ನೇಮಾ ತಗೋ. ಅರ್ಧಾ ಗಿರ್ಧಾ ನಡಿಯೂದಿಲ್ಲ ಮತ್ತ" ಅಂದರು. ಅಣ್ಣ ಮಡಿಯುಟ್ಟು ಬಸದಿಗೆ ಹೋಗಿ ಸ್ವಾಮಿಯ ಎದುರು ನೇಮ ತೆಗೆದುಕೊಂಡು ಬಂದ. ನಮ್ಮಲ್ಲಿ ಒಮ್ಮೆ ತೆಗೆದುಕೊಂಡ ನೇಮವನ್ನು ಹಾಕಿಸಿದವರೂ ಬಿಡಿಸಲಾರರು.

ನನ್ನನ್ನು ಅಷ್ಟರಲ್ಲಿ ಹುಕ್ಕೇರಿಗೆ ಕೊಟ್ಟಿದ್ದರು. ಪಂದ್ಯ ನಡೆಯುವ ಇನಾಮದಾರರ ದೊಡ್ಡ ವಾಡೆ ನಮ್ಮ ಮನೆಗೆ ಬಾಜೂಕೇ. ಅಣ್ಣ ನಮ್ಮಲ್ಲೇ ಉಳಿದ. ಬೆಳಗಾವಿಯಿಂದ ಬಂದಿದ್ದ ಒಬ್ಬ ವಯಸ್ಸಾದ ವಕೀಲರು ಇಂಗ್ರೇಜಿ ಕಟ್ಟಳೆಯಂತೆ ಆಡೋಣ ಎಂದರು, ಇನಾಮದಾರರು ಒಪ್ಪಿದರು. ಪ್ಯಾದಿ ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು, ಯಾವ ಸಾಲಿನಲ್ಲಿ ತುದಿ ಮುಟ್ಟಿದರೂ ವಜೀರನಾಗಬಹುದು, ಹೀಗೆ ಕೆಲವು ಹೇಳಿಕೊಟ್ಟರು. ಅಣ್ಣ ತಲೆಯಾಡಿಸಿದ. ಅವನಿಗೆ ಕಷ್ಟವಾದದ್ದು ಬೇರೆ. "ಕಾಯಿ ಭಾಳ ಚಂದ ಅದಾವ ಪದ್ದಿ, ಗುರ್ತಾ ಸಿಗವಲ್ದು" ಅಂದ ಊಟಕ್ಕೆ ಬಂದಾಗ. ಆದರೂ ಒಬ್ಬೊಬ್ಬರನ್ನೇ ಸೋಲಿಸುತ್ತ ಬಂದ. ಕುಲಗೋಡದ ಕಬ್ಬಿನ ಹೊಲದ ಹುಡುಗನ ಎದುರು ಕೊನೆಗೆ ಉಳಿದವರು ಆ ವಕೀಲರೊಬ್ಬರೇ.

ನಾವು ಹೆಂಗಸರು ಮಾಳಿಗೆಯಿಂದ ನೋಡುತ್ತಿದ್ದೆವು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹಲಗೆ ಬರಿದಾಗಿತ್ತು. ಅಣ್ಣನ ಹತ್ತಿರ ರಾಜ ಮತ್ತು ಒಂದು ಆನೆ. ವಕೀಲರ ಹತ್ತಿರ ರಾಜ ಮತ್ತು ಒಂದು ಪ್ಯಾದಿ. ಆ ಪ್ಯಾದಿ ಆನೆಯ ಬಾಯಿಗೇ ಸಿಕ್ಕಿತ್ತು, ಕೈ ಚಾಚಿದರೆ ಸಾಕು. ಅಣ್ಣ ಕೈ ಚಾಚಲಿಲ್ಲ. ಚಾಚಿದರೆ ಬುರ್ಜಿ, ಅಪ್ಪನಿಗೆ ಬೇಕಾದದ್ದು ಪೂರಾ ಗೆಲುವು. ಪ್ಯಾದಿ ಇರುವಾಗಲೇ ರಾಜನನ್ನು ಕಟ್ಟಲು ಹೋದ. ಒಂದೇ ಒಂದು ನಡೆ ಕಡಿಮೆ ಬಿತ್ತು. ಪ್ಯಾದಿ ತುದಿ ಮುಟ್ಟಿ ವಜೀರನಾಯಿತು, ಆಮೇಲೆ ಒಂಟಿ ಆನೆ ಏನು ಮಾಡೀತು? ಅಣ್ಣ ಸೋತ.

ವಕೀಲರು ಸಂಭಾವಿತರು. ಗೆದ್ದ ಮೇಲೂ ಅವರ ಮುಖದಲ್ಲಿ ಗೆಲುವಿರಲಿಲ್ಲ. "ಆ ಪ್ಯಾದಿ ಯಾಕ ತಗೀಲಿಲ್ಲ ತಮ್ಮಾ?" ಎಂದು ಕೇಳಿದರು.

"ಬುರ್ಜಿ ಆಕ್ಕಿತ್ತಲ್ರೀ."

"ಇಂಗ್ರೇಜಿ ಆಟದಾಗ ಬುರ್ಜಿ ಅನ್ನೂದ ಇಲ್ಲೋ. ಅದನ್ನ ತಗದಿದ್ದರ ಪೂರಾ ಗೆಲುವ ನಿಂದ ಇತ್ತು."

ಹೇಳಿಕೊಡಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ಇವನಿಗೆ ಹೊಳೆದಿರಲಿಲ್ಲ. ಮತ್ತೊಮ್ಮೆ ಆಡೋಣ ಎಂದು ವಕೀಲರೇ ಕೈ ಹಿಡಿದು ಕೇಳಿದರು. ಅಣ್ಣ ಅವರ ಕಾಲಿಗೆ ನಮಸ್ಕಾರ ಮಾಡಿ, "ಸೋತಾಗಿಂದ ನೇಮಾ ಹತ್ತೇತ್ರೀ ನನಗ" ಎಂದು ಎದ್ದುಬಂದ. ನಮ್ಮ ಮನೆಯ ಪಡಸಾಲೆಯಲ್ಲಿ ಬೊಂಬೆಗಳ ಚೀಲವನ್ನು ನನ್ನ ಕೈಗಿಟ್ಟು ಊರಿಗೆ ಹೋದ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತವರಿಗೆ ಹೋದಾಗ ಎಲ್ಲವನ್ನೂ ಬಿಡಿಸಿ ಹೇಳಿದೆ. "ಸೋತದ್ದ ಖರೆ ಹೌದಲ್ಲ?" ಅಂದರು ಅಪ್ಪ.

ಆಮೇಲೆ ಭರಮಣ್ಣ ಒಳ್ಳೆಯ ಒಕ್ಕಲಿಗನಾದ. ಎತ್ತುಗಳು ಎಂದೂ ಒಂಟಿಯಾಗಿ ಮನೆಗೆ ಬರಲಿಲ್ಲ. ಮಗ ದಾರಿಗೆ ಬಂದನೆಂದು ಊರು ಅಪ್ಪನನ್ನು ಹೊಗಳಿತು. ಅವನು ಯಾರ ಮೇಲೂ ಸಿಡುಕಲಿಲ್ಲ. ಆದರೆ ಮಾತು ಕಡಿಮೆಯಾಯಿತು, ನಗು ಕಡಿಮೆಯಾಯಿತು, ಉಣ್ಣುವಾಗ ತಟ್ಟೆ ಬಿಟ್ಟು ಬೇರೆಲ್ಲೋ ನೋಡುತ್ತಿದ್ದ. ಅದನ್ನು ನೋಡಿ ನೋಡಿ ಅಪ್ಪನಿಗೇ ತಡೆಯಲಿಲ್ಲ. ಒಂದು ದಿನ ಉಗ್ಗುತ್ತ, "ಭರಮಾ, ಬೇಕಾದರ ಒಂದ ಆಟ ಆಡಬಾರದೇನೋ" ಅಂದರು. "ನೇಮಾ ನಿಮ್ಮ ಮುಂದ ತಗೊಂಡಿಲ್ರೀ ಅಪ್ಪಾ" ಎಂದು ಅವನು ಮೆಲ್ಲಗೆ ಹೇಳಿ ಹೊಲಕ್ಕೆ ನಡೆದ.

ಮೂವತ್ತು ತುಂಬುವ ಮೊದಲೇ ಚಳಿಜ್ವರ ಅವನನ್ನು ಹಿಡಿಯಿತು. ನಾನು ಹೋದಾಗ ಸುಣ್ಣದಂತೆ ಬಿಳುಪಾಗಿದ್ದ. ಹತ್ತಿರ ಕರೆದು, "ಪದ್ದಿ, ಅವತ್ತ ಮಾಳಿಗಿಂದ ನಿನಗ ಆ ಪ್ಯಾದಿ ಕಂಡಿತ್ತೇನು?" ಎಂದು ಕೇಳಿದ.

"ಕಂಡಿತ್ತಣ್ಣಾ."

"ನೀ ಆಗಿದ್ದರ ತಗೀತಿದ್ದಿಯೇನು?"

"ನಾನೂ ತಗೀತಿದ್ದಿಲ್ಲ" ಅಂದೆ. ಅದು ಖರೆ. ಅವನಿಗೆ ಸಮಾಧಾನವಾದಂತೆ ಕಂಡಿತು. ಅದೇ ವಾರ ಹೋಗಿಬಿಟ್ಟ.

ಕೆಲವು ತಿಂಗಳು ಕಳೆದು ಅಪ್ಪ ಹುಕ್ಕೇರಿಗೆ ನಮ್ಮ ಮನೆಗೆ ಬಂದರು. ಕೈಕಾಲು ತೊಳೆದುಕೊಂಡು ಕೂತವರೇ, "ಅವನ ಚೀಲ ಐತೇನವ್ವಾ? ಆ ಆಟಾ ನನಗ ಕಲಿಸು. ಅವ ಅದರಾಗ ಏನ ನೋಡತಿದ್ದಾ, ನಾನೂ ನೋಡತೇನಿ" ಅಂದರು. ಕಲಿಸಿದೆ. ಆ ವಯಸ್ಸಿಗೆ ಎಲ್ಲಿ ಹತ್ತಬೇಕು? ಓರೆಯಾಗಿ ನಡೆಯಬೇಕಾದ ಒಂಟೆಯನ್ನು ಆನೆಯಂತೆ ನೇರ ನಡೆಸುವರು, ಕುದುರೆಯನ್ನು ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ ಕೂರುವರು. ಹೊರಡುವ ದಿನ, "ಅವ ಸೋತ ಆಟ ಇಟ್ಟ ತೋರಸು" ಅಂದರು. ರಾಜರಿಬ್ಬರನ್ನು ಇಟ್ಟೆ, ಒಂದು ಬದನೆಕಾಯಿ ಇಟ್ಟೆ, ಒಂದು ಗಜ್ಜುಗ ಇಟ್ಟೆ.

ಅಪ್ಪ ಗಜ್ಜುಗದ ಮೇಲೆ ಬೆರಳಿಟ್ಟರು. "ಇದನ್ನ ತಗೀಬಹುದಿತ್ತಲ್ಲ?"

"ತಗೀಬಹುದಿತ್ತ್ರೀ. ಆದರ ಮಂದಿ ಕೈಯಾಗಿಂದು ಪೂರಾ ತಗದಬಿಟ್ಟರ ಅದು ಗೆಲುವಲ್ಲ ಅಂತಿದ್ದಾ ಅಣ್ಣಾ."

ಅಪ್ಪ ಆ ಗಜ್ಜುಗವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಮಗನ ಚಿತೆಯ ದಿನವೂ.

"ಅವ ಆ ವಕೀಲಗ ಒಂದ ಪ್ಯಾದಿ ಬಿಟ್ಟಾ, ಯವ್ವಾ" ಅಂದರು. "ನಾ ನನ್ನ ಮಗಗ ಅದನೂ ಬಿಡಲಿಲ್ಲ."