ಮಾಮಿ ಕೊಟ್ಟ ರಕ್ತ

ಅಥವಾ ಮಜ್ಜಿಗೆ ಕುಡಿದದ್ದು ನನಗೆ ಬೆವರು ಬಂದ ದಿನವಲ್ಲ, ಅದರ ಹಿಂದಿನ ದಿನವೇ ಇರಬೇಕು. ಸ್ಟೀಲ್ ಲೋಟ, ಅದರೊಳಗೆ ಬಿಳಿ, ಹಿಡಿದುಕೊಂಡ ನನ್ನ ಕೈ. ನಿಂತು ಕುಡಿದೆನೋ, ಜಗಲಿಯಲ್ಲಿ ಕೂತೋ, ಅದು ಒಮ್ಮೆ ಹಾಗೆ, ಒಮ್ಮೆ ಹೀಗೆ ಕಾಣುತ್ತದೆ. ಆ ಲೋಟದ ಬಗ್ಗೆ ಅಷ್ಟು ಜನ ಕೇಳಿದ ಮೇಲೆ, ನನಗೆ ನೆನಪಿರುವುದು ಲೋಟವೋ ಅವರ ಪ್ರಶ್ನೆಗಳೋ ಎಂಬುದೇ ಸಂಶಯ.

ಬೆವರು ಮಾತ್ರ ನಿಜ.

ಕಾಪುವಿನ ಹತ್ತಿರ ನಮ್ಮ ಮನೆ. ಅಂಗಳದಾಚೆ ಮಲ್ಲಿಗೆ ಗಿಡಗಳು. ಬೆಳಕು ಹರಿಯುವ ಮೊದಲೇ ನಾನು ಮತ್ತು ಮಾಮಿ, ಅಂದರೆ ನನ್ನ ಅತ್ತೆ, ಮೊಗ್ಗು ಕೊಯ್ದು ಮಡಿಲು ತುಂಬಿಸಿಕೊಳ್ಳುತ್ತೇವೆ. ಮತ್ತೆ ಜಗಲಿಯಲ್ಲಿ ಕೂತು, ನೆನೆಸಿದ ಬಾಳೆನಾರಿನಲ್ಲಿ ಕಟ್ಟುವುದು. ಹೂವಿನ ಗಾಡಿ ಬರುವುದರೊಳಗೆ ಮುಗಿಯಬೇಕು. ನಾರು ದಪ್ಪ ಇದ್ದರೆ ನಾನು ಹಲ್ಲಿನಲ್ಲಿ ಸೀಳುತ್ತೇನೆ. ನಿಲ್ಲಿಸಿ ಕತ್ತರಿ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ಆ ಬೆವರಿನ ದಿನದ ಹಿಂದಿನ ಸಂಜೆ ನನ್ನ ಗಂಡ ಮೊಗ್ಗಿನ ಹುಳಕ್ಕೆ ಮದ್ದು ಬಿಟ್ಟಿದ್ದರು. ಕೀಟನಾಶಕಕ್ಕೆ ನಾವು ಹೇಳುವುದು ಮದ್ದು ಎಂದೇ. ಬಿಟ್ಟ ಮೇಲೆ ಕೆಲವು ದಿನ ಕೊಯ್ಯಬಾರದು. ಆದರೆ ಮದುವೆಯ ಸೀಸನ್, ಮೊಗ್ಗು ಕಾಯುವುದಿಲ್ಲ, ಅರಳಿದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಕೊಯ್ದೆವು.

ಕಟ್ಟುವಾಗ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ಕಾರ್ಕಳದ ಅಕ್ಕನ ಮನೆಯ ಪೂಜೆಗೆ ಹೋಗಿಬರುತ್ತೇನೆ ಎಂದೆ.

"ಹೋಗು ಮಾರಾಯ್ತಿ. ಮೊಗ್ಗಿಗೂ ಹೇಳಿ ಹೋಗು, ನಾನು ಬರುವವರೆಗೆ ಅರಳ್ಬೇಡಿ ಅಂತ" ಎಂದರು ಮಾಮಿ.

ನಾನೂ ಏನೋ ಅಂದೆ. ಏನೆಂದು ನೆನಪಿಲ್ಲ. ಅವರಿಗೆ ನೆನಪಿದೆ.

ಆಮೇಲೆ ಬೆವರು. ಬಾಯಿಯಲ್ಲಿ ನೀರು ನಿಲ್ಲದೆ ಬಂತು. ನಾರು ಯಾವುದು, ಮೊಗ್ಗು ಯಾವುದು ಎಂದು ಕಣ್ಣಿಗೆ ತಿಳಿಯಲಿಲ್ಲ. ವಾಂತಿ. ಸೆಖೆಗೆ ಹೀಗಾಗುತ್ತದೆ ಎಂದು ಮಾಮಿ ಎಳನೀರು ಕೊಟ್ಟು ಮಲಗಿಸಿದರು. ಮಾರನೆಯ ದಿನ ಎದೆ ಬಿಗಿದು, ತೊಡೆಯ ಮಾಂಸ ತಾನಾಗಿಯೇ ಅದುರತೊಡಗಿದಾಗ ಮಣಿಪಾಲಕ್ಕೆ ಕರೆದೊಯ್ದರು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತಂತೆ. ಅದು ಗಂಡನ ನೆನಪು, ನನ್ನದಲ್ಲ.

ಡಾಕ್ಟರ್ ಮೊದಲು ಕೇಳಿದ್ದು: "ಮನೆಯಲ್ಲಿ ಜಗಳ ಏನಾದರೂ ಆಗಿತ್ತಾ?"

ಆಗಿತ್ತು.

ವಿಷಕ್ಕೆ ಎದುರಾಗಿ ಅಟ್ರೋಪಿನ್ ಕೊಟ್ಟರು. ನೀರು ಸುರಿಯುತ್ತಿದ್ದ ಬಾಯಿ ಒಣಗಿ ಹೊಯಿಗೆಯಾಯಿತು. ಐಸಿಯುವಿನ ಮೊದಲ ದಿನಗಳು ನನ್ನ ಬಳಿ ಚೂರುಚೂರಾಗಿವೆ, ಜೋಡಿಸಲು ಹೋದರೆ ಸುಳ್ಳಾಗುತ್ತದೆ. ಎಚ್ಚರವಾದಾಗ ಎರಡು ಸಂಗತಿಗಳು ನನಗಾಗಿ ಕಾಯುತ್ತಿದ್ದವು. ರಕ್ತದ ಕೋಲಿನೆಸ್ಟರೇಸ್ ತೀರಾ ಇಳಿದಿತ್ತು. ಈ ಜಾತಿಯ ಮದ್ದು ಮೈಗೆ ಹೋದರೆ ಇಳಿಯುವ ವಸ್ತು ಅದು. ಮತ್ತೊಂದು, ಮಾಮಿ ಹೇಳಿಕೆ ಕೊಟ್ಟಿದ್ದರು: ಅವಳು ಲೋಟದಲ್ಲಿ ಎಂತದೋ ಬಿಳಿ ಕುಡಿದದ್ದನ್ನು ನೋಡಿದ್ದೇನೆ.

ಮದ್ದನ್ನು ನೀರಿಗೆ ಹಾಕಿದರೆ ಹಾಲಿನಂತೆ ಬಿಳಿಯಾಗುತ್ತದೆ.

ವಿಷದ ಕೇಸ್ ಎಂದು ಪೊಲೀಸರು ನನ್ನ ಬಳಿಗೂ ಬಂದರು. "ಯಾರ ಮೇಲಾದರೂ ಸಂಶಯ ಉಂಟಾ?"

"ಮಲ್ಲಿಗೆ ಗಿಡದ ಮೇಲೆ" ಎಂದೆ. ಅವರು ನಗಲಿಲ್ಲ.

ಅಕ್ಕ ಕಾರ್ಕಳದಿಂದ ಬಂದು ನನ್ನ ಹಾಸಿಗೆಗೆ ಅಂಟಿ ಕೂತಳು. ಗಂಡ ಚಹಾಕ್ಕೆ ಹೋದದ್ದೇ ತಡ, ಕಿವಿಯ ಹತ್ತಿರ ಬಾಗಿದಳು. "ನನ್ನತ್ರ ಹೇಳು. ನೀನೇ ಕುಡಿದದ್ದಾ, ಅವರು ಕುಡಿಸಿದ್ದಾ?"

"ಮಜ್ಜಿಗೆ ಅಕ್ಕಾ."

"ಮಜ್ಜಿಗೆಗೆ ಐಸಿಯು ಎಂತಕ್ಕೆ?"

ನನ್ನ ಕಡೆಯವಳೇ ನಂಬದಿದ್ದರೆ ಮತ್ತೆ ಯಾರು? ಮದ್ದು ಬಿಟ್ಟ ಗಂಡನ ರಕ್ತ ನೋಡಿದರು, ಸರಿಯಾಗಿತ್ತು. ಅವರು ಮುಖಕ್ಕೆ ಬೈರಾಸು ಕಟ್ಟಿಕೊಳ್ಳುತ್ತಾರೆ, ಮುಗಿದ ಕೂಡಲೇ ಸ್ನಾನ ಮಾಡುತ್ತಾರೆ. ಒದ್ದೆ ಮೊಗ್ಗನ್ನು ಮಡಿಲಲ್ಲಿಟ್ಟು ಕೂರುವವರು ನಾವು. ನಾರನ್ನು ಹಲ್ಲಿನಲ್ಲಿ ಸೀಳುವವಳು ನಾನು. ಹಾಗೆಂದು ಹೇಳಿದೆ. ಹೇಳುವಾಗ ನನ್ನ ಸ್ವರ ನನಗೇ ತಪ್ಪಿತಸ್ಥಳ ಸ್ವರದಂತೆ ಕೇಳಿತು.

ಮೂತ್ರವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ಮದ್ದು ಮೈಯಲ್ಲಿ ಒಡೆದು ಉಳಿಯುವ ಚೂರು ಸ್ವಲ್ಪವೇ ಸಿಕ್ಕಿತು. ಕುಡಿದಿದ್ದರೆ ಹೆಚ್ಚು ಇರಬೇಕಿತ್ತು ಎಂದು ನನಗೆ ಸಮಾಧಾನವಾಯಿತು. ಡಾಕ್ಟರ್ ಅದನ್ನೂ ಉಳಿಸಲಿಲ್ಲ.

"ಇದು ಬೇಗ ಮೂತ್ರದಲ್ಲಿ ಹೋಗಿಬಿಡುತ್ತದೆ. ನೀವು ಬಂದದ್ದೇ ತಡವಾಗಿ. ಮೊದಲು ಎಷ್ಟಿತ್ತೋ ಹೇಳಲಿಕ್ಕಾಗುವುದಿಲ್ಲ. ಸ್ವಲ್ಪ ತರಕಾರಿಯಿಂದಲೂ ಬಂದಿರಬಹುದು."

"ಬಾಯಿಂದ ಹೋದದ್ದಾ, ಕೈಯಿಂದ ಹೋದದ್ದಾ?"

"ಅದನ್ನು ರಕ್ತ ಹೇಳುವುದಿಲ್ಲ, ಮೂತ್ರವೂ ಹೇಳುವುದಿಲ್ಲ. ನಿಮ್ಮ ಜೊತೆ ಅದೇ ಕೆಲಸ ಮಾಡಿದವರು ಇನ್ಯಾರಾದರೂ ಇದ್ದಾರಾ? ಅವರ ರಕ್ತವನ್ನೂ ನೋಡುವ."

ಇದ್ದದ್ದು ಒಬ್ಬರೇ. ಮಾಮಿಯ ರಕ್ತದಲ್ಲೂ ಅದು ಇಳಿದಿದ್ದರೆ ನಾನು ಕುಡಿಯಲಿಲ್ಲ ಎನ್ನುವುದಕ್ಕೆ ಒಂದು ಆಧಾರ. ಇಳಿಯದಿದ್ದರೆ, ಲೋಟ.

ಮಾಮಿ ಬರುವುದಿಲ್ಲ ಎಂದರು. "ಅವಳ ಹೊಟ್ಟೆಗೆ ಹೋದದ್ದನ್ನು ನನ್ನ ಕೈಯಲ್ಲಿ ಹುಡುಕುವುದಾ?" ಎಂದರೆಂದು ಗಂಡ ಫೋನಿಟ್ಟು ಹೇಳಿದರು. ಆದರೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬರೇ ಬಂದರು. ತಲೆಯಲ್ಲಿ ಅಂದು ಕೊಯ್ದ ಮಲ್ಲಿಗೆ. ನನ್ನ ಕಡೆ ನೋಡದೆ ಸಿಸ್ಟರ್ ಮುಂದೆ ತೋಳು ಚಾಚಿದರು.

"ತೆಗಿ ಮಗಾ. ನಾನು ಮಜ್ಜಿಗೆ ಕುಡಿಯುವವಳಲ್ಲ, ಎಂತ ಬರ್ತದೆ ನೋಡುವ."

ಅವರದ್ದೂ ಕಡಿಮೆ ಬಂತು. ನನ್ನಷ್ಟಲ್ಲ, ಆದರೆ ಕಡಿಮೆ. ಅಕ್ಕ ಚುನಾವಣೆ ಗೆದ್ದವಳಂತೆ ಎದ್ದು ನಿಂತಳು. "ನೋಡಿದ್ರಾ? ಇವರೂ ಕುಡಿದದ್ದಾ ಹಾಗಾದರೆ?"

ಡಾಕ್ಟರ್ ಇನ್ನೊಂದು ರಿಪೋರ್ಟ್ ತಿರುಗಿಸಿದರು. "ಇವರ ಲಿವರ್ ಸರಿಯಿಲ್ಲ. ಲಿವರ್ ಸರಿಯಿಲ್ಲದಿದ್ದರೂ ಇದು ಇಳಿಯುತ್ತದೆ. ಆರೋಗ್ಯವಾಗಿದ್ದಾಗ ಎಷ್ಟಿತ್ತು ಅಂತ ಗೊತ್ತಿದ್ದರೆ ಹೇಳಬಹುದಿತ್ತು."

ಅಕ್ಕ ಕೂತಳು.

ಆರೋಗ್ಯವಾಗಿರುವಾಗ ಯಾರು ಹೋಗಿ ರಕ್ತ ಕೊಡುತ್ತಾರೆ?

ಮಾಮಿ ತಮ್ಮ ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಂಡರು. ತಲೆಯ ಹೂ ತೆಗೆದರು. ಎಲ್ಲಿ ಹಾಕುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಇದು ನನ್ನ ಕಣ್ಣಾರೆ ಕಂಡದ್ದು. ಅಥವಾ ಹಾಗಾಗಿರಲಿ ಎಂದು ಆಮೇಲೆ ಸೇರಿಸಿಕೊಂಡೆನೇ? ಅಕ್ಕನನ್ನು ಕೇಳಿದರೆ ಅವರು ಹೂ ಮುಡಿದು ಬಂದದ್ದೇ ಅವಳಿಗೆ ನೆನಪಿಲ್ಲ.

ಈಗ ಮನೆಯಲ್ಲಿದ್ದೇನೆ. ಮತ್ತೆ ಮಾಡಿದ ಪರೀಕ್ಷೆಗಳಲ್ಲಿ ರಕ್ತದಲ್ಲಿ ಇಳಿದದ್ದು ನಿಧಾನವಾಗಿ ಏರುತ್ತಿದೆ. ಕಣ್ಣು ಸರಿಯಾಗಿದೆ. ಉಸಿರಾಟಕ್ಕೆ ಗಮನ ಕೊಡದೆ ಉಸಿರಾಡುವುದು ಎಷ್ಟು ದೊಡ್ಡ ಸುಖ ಎಂದು ಇಷ್ಟು ದಿನ ತಿಳಿದಿರಲಿಲ್ಲ. ಕೈಗವಸು ಹಾಕಿದರೆ ಮೊಗ್ಗು ಬೆರಳಿಗೆ ಸಿಗುವುದಿಲ್ಲ, ಆದರೂ ಹಾಕುತ್ತೇವೆ. ಮದ್ದು ಬಿಟ್ಟ ಮೇಲೆ ಕಾಯುತ್ತೇವೆ. ಆ ದಿನಗಳಲ್ಲಿ ಸಂಜೆ ಗಿಡಗಳೆಲ್ಲ ಅರಳಿ ಬಿಳಿಯಾಗುತ್ತವೆ. ಈ ಮನೆಗೆ ಬಂದ ಮೇಲೆ ನಮ್ಮ ಮಲ್ಲಿಗೆ ಗಿಡದಲ್ಲೇ ಅರಳಿದ್ದನ್ನು ನಾನು ನೋಡಿರಲಿಲ್ಲ. ಮೊನ್ನೆ ನಾರು ಮರೆತು ಬಾಯಿಗೆ ಹೋಯಿತು. ಮಾಮಿ ಕೈಯ ಮೇಲೆ ಹೊಡೆದರು. "ಬಾಯಿಗೆ ಹಾಕ್ಬೇಡ, ಪ್ರಾಣಿ!"

ಹಾಗಾದರೆ ನಾರಿನ ಮಾತನ್ನು ಅವರು ನಂಬಿದ್ದಾರೆ.

ಆದರೆ ಮದ್ದಿನ ಬಾಟಲಿ ಈಗ ಬಚ್ಚಲಿನ ಹಿಂದೆ ಇಲ್ಲ. ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದೆ, ಕೀ ಮಾಮಿಯ ಸೊಂಟದಲ್ಲಿದೆ. ಡಾಕ್ಟರ್ ಹೇಳಿದ್ದು ಎನ್ನುತ್ತಾರೆ ಗಂಡ. ಇರಬಹುದು. ನನ್ನೆದುರು ಹೇಳಲಿಲ್ಲ.

ಮಧ್ಯಾಹ್ನ ಮಾಮಿಯೇ ಮಜ್ಜಿಗೆ ತಂದು ಕೊಡುತ್ತಾರೆ. ನಾನು ಕುಡಿದು ಲೋಟ ಕೆಳಗಿಡುವವರೆಗೆ ಅಲ್ಲೇ ನಿಂತಿರುತ್ತಾರೆ. ಅದು ಪ್ರೀತಿಯೋ ಕಾವಲೋ, ನಾನು ಕೇಳಿಲ್ಲ. ಮದ್ದು ನನ್ನೊಳಗೆ ಯಾವ ದಾರಿಯಿಂದ ಬಂತು ಎಂಬುದು ನನಗೆ ಗೊತ್ತಿಲ್ಲ.