ಅಂಗೈಯ ಬೆಲ್ಲ

ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಧಾರವಾಡದಿಂದ ಗರಗದ ಕಡೆ ಹೊರಟ ನಮ್ಮ ಬಸ್ಸು ನೀರಿನ ಬಾಟಲಿ ಕಾರ್ಖಾನೆಯೊಂದರ ಗೇಟಿನ ಮುಂದೆ ನಿಂತುಬಿಟ್ಟಿತು. ಕಾರ್ಖಾನೆಯ ಬೋರ್‌ವೆಲ್‌ಗಳಿಂದ ತಮ್ಮ ಬಾವಿ ಬತ್ತಿತೆಂದು ಪಕ್ಕದ ಹಳ್ಳಿಯ ಹೆಂಗಸರು ರಸ್ತೆಗೆ ಅಡ್ಡ ಕೂತಿದ್ದರು. ಇಳಿದು ಎಣಿಸಿ ಬರೆದುಕೊಂಡೆ: ಹೆಂಗಸರು ಮೂವತ್ತೊಂದು, ತಡೆದ ಲಾರಿ ನಾಲ್ಕು, ಅಷ್ಟೂ ಜನಕ್ಕೆ ಕುಡಿಯುವ ನೀರಿನ ಕೊಡ ಒಂದೇ.

ನಾನು ಬರೆದುಕೊಳ್ಳುವುದನ್ನು ಕಂಡು ಒಬ್ಬ ಅಜ್ಜಿ ಹತ್ತಿರ ಕರೆದರು. ಅಂಗೈಗೆ ಬೆಲ್ಲದ ತುಣುಕು ಇಟ್ಟು, ಕೊಡದಿಂದ ತಂಬಿಗೆ ತುಂಬಿ ಚಾಚಿದರು. ಬಂದವರಿಗೆ ಇಲ್ಲಿ ಇದೇ ಮೊದಲ ಉಪಚಾರ.

"ಬಿಸಲಾಗ ನಿಂತೀರಿ. ಮೊದಲ ನೀರು ಕುಡೀರಿ."

ಹೊಸ ಊರಿನ ನೀರು ಹೊಟ್ಟೆ ಕೆಡಿಸೀತೆಂದು ನನಗೆ ಭಯ. "ಬೇಡಮ್ಮ, ನನ್ನ ಹತ್ತಿರ ಇದೆ" ಎಂದು ಚೀಲದಿಂದ ಬಾಟಲಿ ತೆಗೆದೆ. ಧಾರವಾಡದ ಬಸ್ ನಿಲ್ದಾಣದಲ್ಲಿ ಕೊಂಡದ್ದು. ಅದರ ಲೇಬಲ್ಲಿನ ಮೇಲೂ ಎದುರಿನ ಗೇಟಿನ ಮೇಲೂ ಒಂದೇ ಹೆಸರು ಇದ್ದದ್ದನ್ನು ಆಗಷ್ಟೇ ಗಮನಿಸಿದೆ.

ಅಜ್ಜಿಯೂ ನೋಡಿದರು. "ಇದೂ ನಮ್ಮ ನೀರ ಐತ್ರಿ ಸಾಹೇಬ್ರ. ಮುಚ್ಚಳ ಅಷ್ಟ ಬ್ಯಾರೆ."

ಹೆಂಗಸರೆಲ್ಲ ನಕ್ಕರು. ಗಾಬರಿಯಲ್ಲಿ ನಾನು ಬಾಟಲಿಯನ್ನು ಅವರತ್ತ ಚಾಚಿ, "ನೀವೇ ಇಟ್ಟುಕೊಳ್ಳಿ" ಎಂದುಬಿಟ್ಟೆ.

"ನಮ್ಮ ನೀರು ನಮಗ ದಾನಾ ಕೊಡಾಕತ್ತೀರೇನ್ರಿ?" ಎಂದರು ಅಜ್ಜಿ.

ಈ ಸಲ ಯಾರೂ ನಗಲಿಲ್ಲ. ಅಜ್ಜಿ ತಂಬಿಗೆಯ ನೀರನ್ನು ಒಂದು ಹನಿಯೂ ಚೆಲ್ಲದಂತೆ ಕೊಡಕ್ಕೆ ತಿರುಗಿ ಸುರಿದರು.

ಬೆಲ್ಲ ಬಿಸಿಲಿಗೆ ಕರಗಿ ಅಂಗೈಗೆ ಅಂಟಿತ್ತು. ಬಸ್ಸು ಹೊರಡುವವರೆಗೂ ಕೈ ತೊಳೆಯಲೆಂದು ಆ ಬಾಟಲಿಯ ಮುಚ್ಚಳ ತಿರುಗಿಸುವ ಧೈರ್ಯ ನನಗೆ ಬರಲಿಲ್ಲ.