ಮಗನ ಕಾಲೇಜಿಗೆ ಕಾವಲು ಹೋದದ್ದು

ಮೈಸೂರಿನ ಸ್ಟೇಷನ್ನಿನಲ್ಲಿ ಇಳಿಯುವಾಗಲೇ ನಮ್ಮ ಪೆಟ್ಟಿಗೆ ಕಳುವಾಗಬಹುದಿತ್ತು. ಆಗದಿದ್ದರೆ, ಜಟಕಾದವನು ನಮ್ಮಿಬ್ಬರನ್ನೂ ಊರಾಚೆ ಕರೆದೊಯ್ದು ಬಡಿದು ಬಿಡಬಹುದಿತ್ತು. ಪ್ಲೇಗು ಮತ್ತೆ ಬಂದು ಬೀದಿಗೆ ಬೀದಿಯೇ ಗುಡಿಸಲು ಹಾಕಿಕೊಂಡು ಬಯಲಿನಲ್ಲಿ ಮಲಗಬೇಕಾಗಬಹುದಿತ್ತು. ನನ್ನ ಮಗ ನಂಜುಂಡ ಜುಟ್ಟು ತೆಗೆಸಿ ಕ್ರಾಪು ಬಿಡಬಹುದಿತ್ತು. ಕಾಫಿ ಕಲಿತು, ಕಾಫಿಯಿಂದ ಸಿಗರೇಟಿಗೆ, ಸಿಗರೇಟಿನಿಂದ ನಾಟಕದ ಕಂಪನಿಗೆ ಜಾರಬಹುದಿತ್ತು. ಕಣ್ಣು ಕೆಡಿಸಿಕೊಂಡು ಕನ್ನಡಕ ತರಬಹುದಿತ್ತು. ಅವ್ವನನ್ನು ಇಂಗ್ಲಿಷಿನಲ್ಲಿ ಬೈಯಬಹುದಿತ್ತು. ಅವಳು ಅದೇನೋ ಮಂತ್ರವೆಂದುಕೊಂಡು ಅವನ ತಲೆ ಸವರಬಹುದಿತ್ತು. ಇಷ್ಟನ್ನೂ ಕಡೂರಿನಿಂದ ರೈಲು ಹೊರಡುವ ಮೊದಲೇ ನಾನು ಯೋಚಿಸಿ ಮುಗಿಸಿದ್ದೆ.

ಯೋಚಿಸದೆ ಬಿಟ್ಟದ್ದು ದೀಪವೊಂದನ್ನೇ. ಇಳಿದ ಸಂಜೆ ನಾವು ದೊಡ್ಡ ಬೀದಿಯಲ್ಲಿ ನಡೆಯುತ್ತಿದ್ದಾಗ ಕಂಬಗಳ ಮೇಲಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಏಣಿ ಹೊತ್ತವನಿಲ್ಲ, ಎಣ್ಣೆ ಸುರಿದವನಿಲ್ಲ. ನಾನು ಮಗನ ರಟ್ಟೆ ಹಿಡಿದು ನಿಂತುಬಿಟ್ಟೆ.

‘ಎಲೆಕ್ಟ್ರಿಕ್ ದೀಪ ಕಣಪ್ಪಯ್ಯ.’

‘ಹಚ್ಚಿದ್ದು ಯಾರೋ?’

‘ಯಾರೋ, ಎಲ್ಲೋ.’

ಯಾರೋ ಎಲ್ಲೋ ಮಾಡುವ ಕೆಲಸವನ್ನು ನಂಬುವುದು ನಮ್ಮ ವಂಶದಲ್ಲಿಲ್ಲ. ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ಓದಿದ್ದು ಸಿಂಗಟಗೆರೆಯ ಕೂಲಿಮಠದಲ್ಲಿ. ಅಂದರೆ ಊರವರು ದವಸ ಕೊಟ್ಟು ಐಗಳೊಬ್ಬರನ್ನು ಸಾಕಿ, ಜಗಲಿಯ ಮೇಲೆ ಮಕ್ಕಳಿಗೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ಶಾಲೆಯಲ್ಲಿ. ಮಿಕ್ಕದ್ದನ್ನೆಲ್ಲ ಬದುಕೇ ಕಲಿಸಿತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಮಗ ಹೈಸ್ಕೂಲು ಮುಗಿಸಿದಾಗ ಅಲ್ಲಿನ ಮೇಷ್ಟ್ರು, ಇವನನ್ನು ಕಾಲೇಜಿಗೆ ಕಳಿಸಲೇಬೇಕು ಎಂದರು. ‘ಲೇಬೇಕು’ ಎಂದ ಕೂಡಲೇ ನನಗೆ ಅನುಮಾನ ಹುಟ್ಟಿತು. ಅಜ್ಜಂಪುರದ ಕಡೆ ಎತ್ತು ಕೊಳ್ಳುವಾಗ ಜೋಡಿಯನ್ನು ಮನೆಗೆ ಹೊಡೆದುಕೊಂಡು ಬಂದು, ಕೆಲವು ದಿನ ಹೂಡಿ ನೋಡಿ, ಆಮೇಲೆ ಮಾತು ಮುಗಿಸುವುದುಂಟು. ಕಾಲೇಜನ್ನೂ ಹಾಗೆಯೇ ಹೂಡಿ ನೋಡುತ್ತೇನೆ, ಜೊತೆಗೆ ನಾನೇ ಹೋಗಿ ಇರುತ್ತೇನೆ ಎಂದೆ. ನಾನಿಲ್ಲದಾಗ ತೋಟ ಇನ್ನೂ ಚೆನ್ನಾಗಿರುತ್ತದೆಂಬುದು ಊರವರ ಅಭಿಪ್ರಾಯವಾದ್ದರಿಂದ ಯಾರೂ ತಡೆಯಲಿಲ್ಲ.

ಹೆಂಡತಿ ಕೆಂಪಮ್ಮ ಮಾತ್ರ ಗಡುವು ಹಾಕಿದಳು. ‘ಸಂಕ್ರಾಂತಿ ಒಳಗೆ ತೀರ್ಮಾನ ಆಗ್ಬೇಕು ಕಣ್ರೀ. ಕಾಲೇಜು ಒಳ್ಳೇದಾದ್ರೆ ಅವನು ಅಲ್ಲೇ ಓದ್ಲಿ, ನೀವು ಬನ್ನಿ. ಕೆಟ್ಟದ್ದಾದ್ರೆ ಇಬ್ರೂ ಬನ್ನಿ. ಎರಡರ ಮಧ್ಯೆ ನಿಂತ್ಕೋಬ್ಯಾಡಿ, ನಿಮಗದು ಅಭ್ಯಾಸ.’

ನಮಗೆ ಮನೆ ಸಿಕ್ಕಿದ್ದು ಒಂದು ವಠಾರದಲ್ಲಿ. ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡು ಸಾಲಾಗಿ ನಿಂತ ಪುಟ್ಟ ಮನೆಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಸೀನಿದರೆ ಆರು ಮನೆಯವರಿಗೆ ಕೇಳಿಸುತ್ತದೆ. ಆದರೂ ಯಾರೂ ಏನೆಂದು ಕೇಳುವುದಿಲ್ಲ. ನಮ್ಮೂರಲ್ಲಿ ಹೊಸಬ ಬಂದರೆ ‘ಯಾರ ಮಗನಪ್ಪಾ?’ ಎನ್ನುತ್ತೇವೆ. ಇಲ್ಲಿ ‘ಯಾವ ಆಫೀಸು?’ ಎನ್ನುತ್ತಾರೆ. ಯಾವ ಆಫೀಸೂ ಅಲ್ಲ ಎಂದರೆ ಮರುಕದಿಂದ ನೋಡಿ ಮುಂದೆ ಹೋಗುತ್ತಾರೆ. ಮಗ ಕಾಲೇಜಿಗೆ ಹೋದ ಮೇಲೆ ಮಾತಾಡಲು ಒಂದು ಪ್ರಾಣಿಯೂ ಸಿಗದೆ, ಬೀದಿಯ ನಲ್ಲಿಯಲ್ಲಿ ನೀರು ಬರುವುದನ್ನೇ ನೋಡುತ್ತ ಕೂರುತ್ತಿದ್ದೆ.

ನಲವತ್ತೈದು ದಾಟಿದ ಮೇಲೆ ಮುದ್ದೆ ತಿರುವುವುದನ್ನು ಕಲಿತೆ. ಮೊದಲ ದಿನ ವಠಾರದ ಒಡತಿ ಪುಟ್ಟಮ್ಮ ಬಾಗಿಲಲ್ಲಿ ನಿಂತು ನೋಡಿ, ‘ಗೌಡ್ರೇ, ಇದು ಉಣ್ಣೋಕೋ, ಗೋಡೆ ಕಟ್ಟೋಕೋ?’ ಎಂದರು. ದೀಪಾವಳಿಯ ಹೊತ್ತಿಗೆ ಅವರೇ ಒಂದು ಮುದ್ದೆ ಕೇಳಿ ಇಸಿದುಕೊಂಡರು. ಇಲ್ಲಿ ಬಂದು ನಾನು ಗೆದ್ದ ಮೊದಲ ಯುದ್ಧ ಅದು.

ಕಾಲೇಜಿನ ಮೇಲೂ ಕಣ್ಣಿಟ್ಟಿದ್ದೆ. ಗೇಟಿನ ಪಕ್ಕದ ಮರದಡಿ ನಿಲ್ಲುತ್ತಿದ್ದೆ. ಒಳಗಿಂದ ಇಂಗ್ಲಿಷು ಹರಿದು ಬರುತ್ತಿತ್ತು. ಜಗಳವೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಜವಾನ ಬಂದು ‘ಯಾರಿಗೆ ಕಾಯ್ತಿದ್ದೀರಿ?’ ಎಂದ. ‘ಯಾರಿಗೂ ಇಲ್ಲ, ಸುಮ್ನೆ ಕಾಯ್ತಿದ್ದೀನಿ’ ಎಂದೆ. ಅಂಥವರನ್ನು ಬಹಳ ನೋಡಿದ್ದನೋ ಏನೋ, ತನ್ನ ಪಾಡಿಗೆ ಒಳಗೆ ಹೋದ.

ನಿಂತು ಪ್ರಯೋಜನವಿಲ್ಲವೆಂದು ತಿಳಿದು ಒಂದು ಉಪಾಯ ಮಾಡಿದೆ. ದಿನಾ ಸಂಜೆ ಉಂಡ ಮೇಲೆ, ಅಂದಿನ ಪಾಠವನ್ನೆಲ್ಲ ನಂಜುಂಡ ಕನ್ನಡದಲ್ಲಿ ಒಪ್ಪಿಸಬೇಕು. ಹುಡುಗನಿಗೆ ಅಲ್ಲಿ ಏನು ತಿನ್ನಿಸುತ್ತಾರೆಂದು ಗೊತ್ತಾಗಬೇಕಲ್ಲ.

ಒಂದು ದಿನ ತರ್ಕದ ಪಾಠ ಬಂತು. ತರ್ಕವೆಂದರೆ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ವಿದ್ಯೆಯಂತೆ.

‘ದೂರದ ಬೆಟ್ಟದಲ್ಲಿ ಹೊಗೆ ಕಂಡ್ರೆ ಅಲ್ಲಿ ಬೆಂಕಿ ಐತೆ ಅಂತ ತಿಳ್ಕೋಬೇಕು ಅಪ್ಪಯ್ಯ.’

‘ಚಳೀಗಾಲದ ಬೆಳಿಗ್ಗೆ ನಮ್ಮ ತಿಪ್ಪೆ ಕೆದಕಿದ್ರೆ ಹೊಗೆಯಾಡಲ್ವೇನೋ? ಬೆಂಕಿ ಎಲ್ಲೈತೆ?’

ಮರುದಿನ ನಂಜುಂಡ ಇದನ್ನು ತನ್ನದೇ ಪ್ರಶ್ನೆಯೆಂಬಂತೆ ತರ್ಕದ ಮೇಷ್ಟ್ರನ್ನು ಕೇಳಿದನಂತೆ. ಅವರು ಜರಿಪೇಟ ಸರಿಮಾಡಿಕೊಂಡು, ಅದು ಹೊಗೆಯಲ್ಲ, ಹಬೆ ಎಂದರಂತೆ.

‘ಆಗ್ಲಿ’ ಎಂದೆ. ‘ದೂರದಲ್ಲಿ ನಿಂತೋನಿಗೆ ಅದು ಹೊಗೆಯೋ ಹಬೆಯೋ ಅಂತ ಹೇಳೋರು ಯಾರು? ಕೇಳ್ಕೊಂಡು ಬಾ.’

ಮಾರನೆಯ ಸಂಜೆ ನಂಜುಂಡ ಕೆಂಪು ಮುಖ ಹೊತ್ತು ಬಂದ. ಮೇಷ್ಟ್ರು ಪಾಠ ನಿಲ್ಲಿಸಿ ಇಡೀ ಕ್ಲಾಸಿನ ಮುಂದೆ ಅವನ ಬೆನ್ನು ತಟ್ಟಿದ್ದರಂತೆ. ಉತ್ತರವನ್ನೂ ಕೊಟ್ಟಿದ್ದರು: ಹತ್ತಿರ ಹೋಗಿ ನೋಡುವ ತನಕ ‘ಇರಬಹುದು’ ಎನ್ನಬೇಕು, ‘ಇದೆ’ ಎನ್ನಬಾರದು.

ನಾನು ಹುಟ್ಟಿದಾಗಿನಿಂದ ದೂರದಲ್ಲಿ ನಿಂತೇ ‘ಇದೆ, ಇದೆ’ ಎಂದು ಕೂಗುತ್ತ ಬಂದವನು. ತರೀಕೆರೆಯಲ್ಲಿರುವ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ, ಹಬ್ಬಕ್ಕೆ ಕರೆದಾಗಲೆಲ್ಲ ಅಲ್ಲಿನ ಜ್ವರಕ್ಕೆ ಹೆದರಿ ತಪ್ಪಿಸಿಕೊಂಡಿದ್ದೇನೆ. ಜ್ವರ ಅಲ್ಲಿದೆಯೋ ಇಲ್ಲವೋ ಇವತ್ತಿಗೂ ನೋಡಿಲ್ಲ. ಪಾಪ, ಷಡ್ಡಕ ಗುಂಡುಕಲ್ಲಿನ ಹಾಗಿದ್ದಾನೆ.

ಅಲ್ಲಿಂದ ಮುಂದೆ ನಾನು ಸಂಜೆಗೆ ಕಾಯತೊಡಗಿದೆ. ಅನುಮಾನ ಪಡುವುದಕ್ಕೆ ಬೆಂಚು ಹಾಕಿ, ಗಂಟೆ ಹೊಡೆದು, ಪಾಠ ಹೇಳುವ ಜಾಗವೊಂದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ದಿನಕ್ಕೊಂದು ಪ್ರಶ್ನೆ ಹೊರಿಸಿ ಕಳಿಸುತ್ತಿದ್ದೆ. ಕಾಲೇಜಿನಲ್ಲಿ ನಂಜುಂಡನ ಹೆಸರು ಏರಿತು. ಮಾರ್ಗಶಿರ ಮುಗಿಯುವ ಹೊತ್ತಿಗೆ, ಇವನು ಬಿ.ಎ.ಗೂ ತರ್ಕವನ್ನೇ ತೆಗೆದುಕೊಳ್ಳಬೇಕೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಹೂಡಿ ನೋಡಿದ್ದಾಯಿತು, ಜೋಡಿ ಸರಿಯಾಗಿದೆ, ಇನ್ನು ಕೆಂಪಮ್ಮನಿಗೆ ಹೇಳಿ ನಾನು ಊರಿಗೆ ಹೊರಡುವುದೇ ಎಂದುಕೊಂಡೆ.

ಆಗ ನಂಜುಂಡ, ‘ಅಪ್ಪಯ್ಯ, ನನಗೆ ಕಾಲೇಜು ಬ್ಯಾಡ’ ಎಂದ.

‘ಯಾರಾದ್ರೂ ಬೈದ್ರೇನೋ?’

‘ಇಲ್ಲ.’

‘ಹುಡುಗಿ ಗಿಡುಗಿ?’

‘ಕಾಲೇಜಲ್ಲಿರೋರೆಲ್ಲ ಮೀಸೆ ಇರೋರು ಕಣಪ್ಪಯ್ಯ.’ ಆಮೇಲೆ ತಾನೇ ಬಾಯಿಬಿಟ್ಟ. ‘ಮೇಷ್ಟ್ರು ಹೊಗಳೋದೆಲ್ಲ ನಿಮ್ಮನ್ನ. ನಾನು ಟಪಾಲಿನೋನು. ಇಲ್ಲಿಂದ ಪ್ರಶ್ನೆ ಹೊತ್ಕೊಂಡು ಹೋಗ್ತೀನಿ, ಅಲ್ಲಿಂದ ಉತ್ತರ ಹೊತ್ಕೊಂಡು ಬತ್ತೀನಿ. ಪಾಠ ನಡೀವಾಗ ನನ್ನ ತಲೇಲಿರೋದು ಒಂದೇ. ಕೆರೆ ಕೆಳಗೆ ಇಟ್ಟು ಬಂದ್ವಲ್ಲ ತೆಂಗಿನ ಸಸಿ, ಬೇರು ಹಿಡಿದ್ವೋ ಇಲ್ವೋ ಅಂತ.’

ನಂಬಲಿಲ್ಲ. ಆದರೆ ಪಾಠ ಕಲಿತವನಲ್ಲವೆ, ಹತ್ತಿರ ಹೋಗಿ ನೋಡೋಣವೆಂದು ಮೇಷ್ಟ್ರ ಮನೆಗೇ ಹೋದೆ. ನಂಜುಂಡನ ತಂದೆ ಎಂದು ಹೇಳಿಕೊಂಡು, ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ನನ್ನನ್ನು ಪೇಟದಿಂದ ಕಾಲಿನವರೆಗೆ ನೋಡಿದರು.

‘ಹಾಗಾದರೆ ಆ ಹೊಗೆ ನಿಮ್ಮದೋ ಗೌಡರೆ?’

‘ತಿಪ್ಪೆ ನಮ್ಮದು ಸ್ವಾಮಿ.’

ಅವರು ನಕ್ಕ ನಗೆಗೆ ಒಳಗಿನಿಂದ ಅವರ ಮನೆಯವರು ಬಂದು ಇಣುಕಿದರು. ‘ಮಗನ್ನ ಬೆಂಚಿನ ಮೇಲೆ ಕೂರಿಸಿ ಅಪ್ಪನಿಗೆ ಪಾಠ ಹೇಳೋದು ಧರ್ಮವಲ್ಲ’ ಎಂದರು ಮೇಷ್ಟ್ರು. ‘ಅವನು ಹೋಗಲಿ ಬಿಡಿ. ನೀವು ಭಾನುವಾರ ಬನ್ನಿ, ಕನ್ನಡದಲ್ಲೇ ಮಾತಾಡೋಣ.’

ಇವರಿಗೆ ನನ್ನಿಂದ ಏನು ಬೇಕಾಗಿರಬಹುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮುಂದಿನ ಭಾನುವಾರ ಪರೀಕ್ಷೆಗೆಂದು ತೆಂಗಿನಕಾಯಿ ಒಯ್ದೆ. ಸಂತೋಷವಾಗಿ ತೆಗೆದುಕೊಂಡರು. ಅನುಮಾನ ಹೆಚ್ಚಾಯಿತು. ಅದಕ್ಕಾಗಿಯೇ ಅದರ ಮುಂದಿನ ಭಾನುವಾರವೂ ಹೋದೆ.

ಸಂಕ್ರಾಂತಿಗೆ ನಂಜುಂಡ ಒಬ್ಬನೇ ಊರಿಗೆ ಹೋದ. ನಾನು ಇನ್ನೊಂದು ತಿಂಗಳಷ್ಟೇ ಎಂದವನು ಯುಗಾದಿಯವರೆಗೂ ಉಳಿದೆ. ಕಾಲೇಜಿನ ಮೇಲಿನ ನನ್ನ ಅನುಮಾನ ಹೋಗಿಲ್ಲ. ಅಲ್ಲಿನ ಹುಡುಗರಲ್ಲಿ ಹೆಚ್ಚಿನವರು ಬರೆದುಕೊಳ್ಳುತ್ತಾರೆ, ತಲೆಯೆತ್ತುವುದಿಲ್ಲ. ಹೊಸದಾಗಿ ಬದುಕಿನ ಮೇಲೂ ಅನುಮಾನ ಬಂದಿದೆ. ಅದು ನನಗೆ ಕಲಿಸಿತೆಂದು ಇಷ್ಟು ವರ್ಷ ಹೇಳಿಕೊಂಡದ್ದರಲ್ಲಿ ಎಷ್ಟನ್ನು ಅದು ನಿಜವಾಗಿ ಕಲಿಸಿತೋ, ಎಷ್ಟನ್ನು ನಾನೇ ಕಲ್ಪಿಸಿಕೊಂಡೆನೋ.

ಯುಗಾದಿಗೆ ಕಡೂರಿನಲ್ಲಿ ಇಳಿದೆ. ನಂಜುಂಡ ಗಾಡಿ ತಂದಿದ್ದ. ಅವನ ಜುಟ್ಟು ಇದ್ದಲ್ಲೇ ಇತ್ತು, ಕಣ್ಣು ಚುರುಕಾಗಿತ್ತು, ಕೈಯಲ್ಲಿ ಮಣ್ಣಿತ್ತು. ಸಸಿಗಳು ಬೇರು ಹಿಡಿದಿದ್ದವು. ಪೆಟ್ಟಿಗೆ ಕಳುವಾಗಿರಲಿಲ್ಲ, ಪ್ಲೇಗು ಬಂದಿರಲಿಲ್ಲ. ನಾನು ಭಯಪಟ್ಟದ್ದರಲ್ಲಿ ಒಂದೂ ಆಗಿರಲಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಒಳಗಿನಿಂದ ಕೆಂಪಮ್ಮ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ, ಪಕ್ಕದಲ್ಲಿ ಒಂದು ಚೊಂಬು ನೀರು. ನಮ್ಮ ಕಡೆ ಮನೆಯವರಿಗೆ ಯಾರೂ ಬೆಲ್ಲ-ನೀರು ಕೊಡುವುದಿಲ್ಲ. ಅದು ಬಂದುಹೋಗುವ ನೆಂಟರಿಗೆ. ಅವಳು ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು. ತಟ್ಟೆ ಮುಂದಿಟ್ಟ ಮೇಲೆ ಅವಳೂ ಅದನ್ನು ನೋಡಿದಳು, ನಾನೂ ನೋಡಿದೆ.

ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

‘ಎಷ್ಟು ದಿನ ಇರ್ತೀರಿ?’ ಎಂದಳು.